ಬೆಳ್ಳಿಯ ಮೇಲೆ ಕೂತ ಹದ್ದು: ಬೇಟೆ ಹಕ್ಕಿಗಳ ನಾಣ್ಯ ಕೂಡಿಸುವವರಿಗೆ ಮೊದಲ ಪಾಠ

ವಿಜಯಪುರದ ಬೆಳ್ಳಿ ನಾಣ್ಯದ ಮೇಲೆ ಹಕ್ಕಿ ಇರಲಿಲ್ಲ. ಅದು ದುಂಡಗೂ ಇರಲಿಲ್ಲ. ಇಮ್ಮಡಿ ಅಲಿ ಆದಿಲ್ ಶಾಹನ ಕಾಲದ (1656–1672) ಲಾರಿ ಎಂಬ ನಾಣ್ಯವನ್ನು ಮೊದಲ ಸಲ ಕಂಡವರು ಅದನ್ನು ನಾಣ್ಯವೆಂದು ಒಪ್ಪುವುದೇ ಇಲ್ಲ. ಬೆಳ್ಳಿ ತಂತಿಯನ್ನು ನಡುವಿಗೆ ಮಡಚಿ, ಬಡಿದು ಚಪ್ಪಟೆ ಮಾಡಿ, ಮೇಲೆ ಸುಲ್ತಾನನ ಹೆಸರು ಒತ್ತಿದ ತುಂಡು ಅದು. ಹೆಸರು ಪರ್ಷಿಯಾದ ಲಾರ್ ಪಟ್ಟಣದ್ದು, ಆಕಾರ ಮೀನಿನ ಗಾಳದ್ದು.

ಹಾಗಂತ ಬೇಟೆ ಹಕ್ಕಿ ಈ ಊರಿಗೆ ಪರಕೀಯವಲ್ಲ. ಇಮ್ಮಡಿ ಇಬ್ರಾಹಿಂ ಆದಿಲ್ ಶಾಹ ಕುದುರೆ ಏರಿ, ಗಿಡುಗ ಹಿಡಿದು ಬೇಟೆಗೆ ಹೊರಟ ಚಿತ್ರವೊಂದು ಇವತ್ತು ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿದೆ. ಮುಂಗೈ ಮೇಲೆ ಕೂತ ಹಕ್ಕಿ ನಾಣ್ಯದ ಮೇಲೆ ಬಂದು ಕೂರಲಿಲ್ಲ, ಅಷ್ಟೇ. ಅದನ್ನು ಬೇರೆ ದೇಶದವರು ಕೂರಿಸಿದರು. ಅಂಥ ನಾಣ್ಯಗಳನ್ನು ವಿಜಯಪುರ, ತಿಕೋಟಾ, ಬಬಲೇಶ್ವರದಲ್ಲೇ ಇದ್ದುಕೊಂಡು, ಹೆಚ್ಚು ರೊಕ್ಕ ಸುರಿಯದೆ, ಮೋಸ ಹೋಗದೆ ಹೇಗೆ ಕೂಡಿಸಬಹುದು ಎಂಬುದೇ ಇಲ್ಲಿಯ ಮಾತು.

ಹಂತ 1: ಮೊದಲು ಹಕ್ಕಿ, ಆಮೇಲೆ ನಾಣ್ಯ

ನಾಣ್ಯದ ಮೇಲಿನ ಹಕ್ಕಿಯನ್ನೆಲ್ಲ ‘ಗರುಡ’ ಎಂದು ಕರೆದುಬಿಡುವುದು ನಮ್ಮ ರೂಢಿ. ಕೂಡಿಸಲು ಹೊರಟವರಿಗೆ ಈ ರೂಢಿ ತುಟ್ಟಿಯಾಗುತ್ತದೆ. ಅದಕ್ಕೇ ಮೊದಲ ಹಂತಕ್ಕೆ ಒಂದು ಪೈಸೆಯೂ ಬೇಡ, ಒಂದು ಚಳಿಗಾಲದ ಬೆಳಗು ಸಾಕು.

ಜಮಖಂಡಿ ರಸ್ತೆಯಲ್ಲಿ ಬಬಲೇಶ್ವರ ದಾಟಿ ಮಮದಾಪುರದ ಕೆರೆಗೆ ಹೋಗಿ. ಮೊಹಮ್ಮದ್ ಆದಿಲ್ ಶಾಹ 1633ರಲ್ಲಿ ಕಟ್ಟಿಸಿದ ಕೆರೆ ಇದು. ಊರಿನ ಹೆಸರೂ ಅವನದೇ. ನೀರಿನ ಮೇಲೆ ಸುತ್ತು ಹಾಕುವ ಕಂದು ಮೈ, ಬಿಳಿ ತಲೆಯ ಹಕ್ಕಿಯೇ ನಿಜವಾದ ಗರುಡ. ಬಾಲದಲ್ಲಿ ಕವಲಿದ್ದು, ಊರ ತಿಪ್ಪೆಯ ಮೇಲೂ ಹಾರುವುದು ಕರಿ ಹದ್ದು. ಇನ್ನು ಎರಿ ಹೊಲದ ಕಡೆ ತಿರುಗಿ. ಬಿಳಿಜೋಳ, ಕಡಲೆ ನಿಂತಿರುವಾಗ ಬೆಳೆಯ ತುದಿ ಸವರುವಷ್ಟು ಕೆಳಗೆ, ರೆಕ್ಕೆಯನ್ನು ಆಂಗ್ಲ ‘ವಿ’ ಅಕ್ಷರದ ಹಾಗೆ ಎತ್ತಿ ತೇಲುವ ಹಕ್ಕಿ ಕಂಡರೆ ಅದು ಸೆಳೆವ. ಚಳಿಗಾಲ ಕಳೆಯಲು ಉತ್ತರದ ಹುಲ್ಲುಗಾವಲುಗಳಿಂದ ಬಂದ ಅತಿಥಿ. ಅಥಣಿ ರಸ್ತೆಯ ತಿಕೋಟಾ ಕಡೆಯ ದ್ರಾಕ್ಷಿ ತೋಟಗಳಲ್ಲಿ ಸಣ್ಣ ಹಕ್ಕಿಗಳ ಗದ್ದಲ ಒಮ್ಮೆಲೇ ನಿಂತರೆ ಬಿಜ್ಜು ಬಂದಿರುತ್ತದೆ. ಹಣ್ಣು ತಿನ್ನಲು ಬಂದವರನ್ನು ತಿನ್ನಲು ಬಂದದ್ದು.

ನೋಡುವಾಗ ನಾಲ್ಕು ಭಾಗ ಗುರುತಿಟ್ಟುಕೊಳ್ಳಿ: ಕೊಕ್ಕು, ರೆಕ್ಕೆಯ ತುದಿ, ಬಾಲ, ಕಾಲು. ನಾಣ್ಯ ಕೆತ್ತುವವನ ಕೈಯಲ್ಲಿ ಬಣ್ಣವಿಲ್ಲ. ಆಕಾರವೊಂದರಲ್ಲೇ ಹಕ್ಕಿಯನ್ನು ಹೇಳಬೇಕು, ನಾವೂ ಆಕಾರದಲ್ಲೇ ಗುರುತಿಸಬೇಕು. ರೆಕ್ಕೆ ಉದ್ದಕ್ಕೆ ಚೂಪಾಗಿದ್ದು ಕಣ್ಣಿನ ಕೆಳಗೆ ಮೀಸೆಯಂಥ ಪಟ್ಟೆ ಇಳಿದಿದ್ದರೆ ಅದು ಡೇಗೆಯ ಜಾತಿ. ರೆಕ್ಕೆ ಅಗಲವಾಗಿ, ತುದಿಯ ಗರಿಗಳು ಕೈಬೆರಳಿನಂತೆ ಬಿಡಿಬಿಡಿಯಾಗಿದ್ದರೆ ಹದ್ದು. ಕಾಲಿನ ಮೇಲೆ ಬೆರಳಿನ ತನಕ ಗರಿ ಹೊದ್ದಿದ್ದರೆ ಬಂಗಾರ ಹದ್ದು. ಕೆಳಗಾಲು ಬೋಳಾಗಿದ್ದು ಕೊಕ್ಕು ದಪ್ಪಗಿದ್ದರೆ ಅಮೆರಿಕದ ಬೋಳು ಹದ್ದು. ಹೆಸರಲ್ಲಷ್ಟೇ ಬೋಳು, ತಲೆಯ ತುಂಬ ಬಿಳಿ ಗರಿ ಇದೆ.

ಇಷ್ಟೆಲ್ಲ ಯಾಕೆ ಎನ್ನುವವರಿಗೆ 1911ರ ಕಥೆ. ಆ ವರ್ಷದ ಐದನೇ ಜಾರ್ಜ್ ರೂಪಾಯಿಯಲ್ಲಿ ದೊರೆಯ ನಿಲುವಂಗಿ ಮೇಲೊಂದು ಆನೆ ಇತ್ತು. ಸೊಂಡಿಲು ಗಿಡ್ಡವಾಗಿ ಮೂಡಿ ಜನರಿಗೆ ಹಂದಿಯಂತೆ ಕಂಡಿತು. ದೊರೆಯ ಎದೆಯ ಮೇಲೆ ಹಂದಿ! ಗಲಾಟೆ ಎದ್ದು, ಮರುವರ್ಷ ಆನೆಯನ್ನು ಸರಿಯಾಗಿ ತಿದ್ದಿ ಟಂಕಿಸಬೇಕಾಯಿತು. ನಾಣ್ಯದ ಮೇಲಿನ ಪ್ರಾಣಿ ಯಾವುದು ಎಂಬ ಜಗಳ ಸರ್ಕಾರವನ್ನೇ ಬಗ್ಗಿಸಿದ್ದುಂಟು.

ಹಂತ 2: ಅಜ್ಜಿಯ ಡಬ್ಬಿ ತೆಗೆಯಿರಿ

ಅಂಗಡಿಗೆ ಹೋಗುವ ಮೊದಲು ಮನೆಯ ತಿಜೋರಿ ನೋಡಿ. ಈ ಭಾಗದ ಹಳೆಯ ಮನೆಗಳಲ್ಲಿ ರಾಣಿ ಛಾಪಿನದೋ ರಾಜಾ ಛಾಪಿನದೋ ಒಂದೆರಡು ರೂಪಾಯಿ ಇದ್ದೇ ಇರುತ್ತವೆ. ಕೆಲವಕ್ಕೆ ಕೊಂಡಿ ಬೆಸೆದು ಸರಕ್ಕೆ ಪೋಣಿಸಿರುತ್ತಾರೆ. ತೂಕ 11.66 ಗ್ರಾಂ, ಅಂದರೆ ಸರಿಯಾಗಿ ಒಂದು ತೊಲ. ಅದರಲ್ಲಿ ಬೆಳ್ಳಿ ಶೇ 91.7. ಪತ್ತಾರರು ತಕ್ಕಡಿಯಲ್ಲಿ ಬಹುಕಾಲ ರೂಪಾಯಿಯನ್ನೇ ತೊಲದ ಬಟ್ಟಾಗಿ ಬಳಸಿದ್ದು ಇದಕ್ಕೇ.

ಅವುಗಳಲ್ಲಿ 1918, 1919, 1920ರ ಇಸವಿಯವು ಸಿಕ್ಕರೆ ಬೇರೆ ತೆಗೆದಿಡಿ. ಅವುಗಳ ಮೇಲೆ ಹಕ್ಕಿ ಇಲ್ಲ, ಒಳಗೆ ಇರಬಹುದು.

ಮೊದಲ ಮಹಾಯುದ್ಧದ ಕಾಲ. ಸೈನ್ಯದ ಖರ್ಚು, ಯುದ್ಧದ ಸಾಮಗ್ರಿ ಖರೀದಿ ಎಲ್ಲಕ್ಕೂ ಇಲ್ಲಿ ರೂಪಾಯಿ ಬೇಕು, ಬೆಳ್ಳಿ ಸಾಲದು. 1917ರಲ್ಲಿ ಸರ್ಕಾರ ಒಂದು ರೂಪಾಯಿಯ ಕಾಗದದ ನೋಟು ತಂದಿತು. ರೈತನಿಗೆ ಕಾಗದದ ಮೇಲೆ ನಂಬಿಕೆ ಎಲ್ಲಿಂದ ಬರಬೇಕು? ನೋಟು ಕೊಟ್ಟು ಬೆಳ್ಳಿ ಕೇಳುವವರು ಹೆಚ್ಚಾದರು, 1918ರ ಹೊತ್ತಿಗೆ ಸರ್ಕಾರದ ಬೆಳ್ಳಿ ದಾಸ್ತಾನು ತಳ ಕಂಡಿತು. ಆಗ ಅಮೆರಿಕ ಕೈಕೊಟ್ಟಿತು, ಒಳ್ಳೆಯ ಅರ್ಥದಲ್ಲಿ. ನೆವಾಡಾದ ಸೆನೆಟರ್ ಕೀ ಪಿಟ್‌ಮನ್ ಹೆಸರಿನ ಕಾಯ್ದೆ 1918ರ ಏಪ್ರಿಲ್‌ನಲ್ಲಿ ಪಾಸಾಗಿ, ಅಲ್ಲಿನ ಖಜಾನೆಯಲ್ಲಿ ಮಲಗಿದ್ದ ಬೆಳ್ಳಿ ಡಾಲರ್‌ಗಳು ಕುಲುಮೆಗೆ ಹೋದವು. ಕರಗಿದ್ದು ಸುಮಾರು 27 ಕೋಟಿ ನಾಣ್ಯ. ಅದರಲ್ಲಿ ಸುಮಾರು 26 ಕೋಟಿಯಷ್ಟರ ಬೆಳ್ಳಿಯನ್ನು ಬ್ರಿಟನ್ ಕೊಂಡು ಭಾರತದ ಟಂಕಸಾಲೆಗಳಿಗೆ ಕಳಿಸಿತು. ಕರಗಿದವುಗಳಲ್ಲಿ ಬಹುಪಾಲು ಮಾರ್ಗನ್ ಡಾಲರ್. ಪ್ರತಿಯೊಂದರ ಹಿಂಬದಿಯಲ್ಲೂ ರೆಕ್ಕೆ ಬಿಚ್ಚಿ ನಿಂತ ಒಂದು ಹದ್ದು.

ಲೆಕ್ಕ ನೋಡಿ. ಡಾಲರ್‌ನಲ್ಲಿ ಅಪ್ಪಟ ಬೆಳ್ಳಿ 24.06 ಗ್ರಾಂ, ರೂಪಾಯಿಯಲ್ಲಿ 10.69. ಒಂದು ಹದ್ದು ಕರಗಿದರೆ ಎರಡೂಕಾಲು ರೂಪಾಯಿ.

ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಕರಗಿಸಿದಷ್ಟನ್ನು ಮತ್ತೆ ಟಂಕಿಸಬೇಕೆಂದು ಅದೇ ಕಾಯ್ದೆ ಹೇಳಿತ್ತು. 1921ರ ಡಿಸೆಂಬರ್‌ನಲ್ಲಿ, ಯುದ್ಧ ಮುಗಿದ ನೆನಪಿಗೆ, ಆಂಟನಿ ಡಿ ಫ್ರಾನ್ಸಿಸ್ಕಿ ರೂಪಿಸಿದ ‘ಪೀಸ್ ಡಾಲರ್’ ಹೊರಬಂತು. ಅದರ ಹದ್ದು ರೆಕ್ಕೆ ಬಿಚ್ಚಿಲ್ಲ. ಬಂಡೆಯ ಮೇಲೆ ರೆಕ್ಕೆ ಮಡಚಿ ಕೂತು, ಮೂಡುತ್ತಿರುವ ಬೆಳಕನ್ನು ನೋಡುತ್ತಿದೆ. ಸ್ಮರಣೆಯ ಬೆಳ್ಳಿ ನಾಣ್ಯದ ಮೇಲಿನ ಬೇಟೆ ಹಕ್ಕಿಗಳಲ್ಲಿ ಭಾರತಕ್ಕೆ ಇಷ್ಟು ಹತ್ತಿರದ್ದು ಇನ್ನೊಂದನ್ನು ನಾನು ಕಂಡಿಲ್ಲ. ನಮ್ಮ ರೂಪಾಯಿಗಾಗಿ ಹೋದ ಹದ್ದಿನ ಜಾಗದಲ್ಲಿ ಬಂದು ಕೂತ ಹದ್ದು ಅದು.

ಹಂತ 3: ಒಂದು ಎಳೆ ಹಿಡಿಯಿರಿ

ಹಕ್ಕಿ ಕಂಡದ್ದನ್ನೆಲ್ಲ ಕೊಂಡರೆ ಡಬ್ಬಿ ತುಂಬುತ್ತದೆ, ಸಂಗ್ರಹ ಆಗುವುದಿಲ್ಲ. ಹೊಸಬರು ಒಂದು ಎಳೆ ಹಿಡಿದರೆ ಸಾಕು. ನನಗೆ ಸರಿಕಂಡ ಮೂರು ಎಳೆ ಹೇಳುತ್ತೇನೆ.

ಒಂದು, ಕರಗಿದ ಹದ್ದಿನ ಎಳೆ: ಮನೆಯ 1919ರ ರೂಪಾಯಿ, ಒಂದು ಮಾರ್ಗನ್, ಒಂದು ಪೀಸ್ ಡಾಲರ್. ಮೂರೇ ನಾಣ್ಯ. ಪೀಸ್ ಡಾಲರ್‌ನಲ್ಲಿ 1921 ಮತ್ತು 1928ರದ್ದು ದುಬಾರಿ. 1922, 1923ರದ್ದು ಸುಲಭ. ನನ್ನ ಮೆಚ್ಚಿನ ಎಳೆ ಇದೇ.

ಎರಡು, ಎರಡು ತಲೆಯ ಎಳೆ. ನಮ್ಮ ಗಂಡಭೇರುಂಡ ವಿಜಯನಗರದ ಅಚ್ಯುತರಾಯನ (1529–1542) ನಾಣ್ಯಗಳಲ್ಲಿ ಆನೆಗಳನ್ನು ಕೊಕ್ಕು, ಉಗುರುಗಳಲ್ಲಿ ಕಚ್ಚಿ ಹಿಡಿದು ಮೆರೆಯಿತು. ಅದು ಚಿನ್ನದಲ್ಲಿ, ನಮ್ಮ ಜೇಬಿಗೆ ದೂರ. ಅಚ್ಯುತರಾಯ ತೀರಿದ 23 ವರ್ಷಕ್ಕೆ ತಾಳಿಕೋಟೆ ಯುದ್ಧದಲ್ಲಿ ವಿಜಯಪುರದ ಸೈನ್ಯವೂ ಸೇರಿ ಆ ಸಾಮ್ರಾಜ್ಯವನ್ನು ಮುರಿಯಿತು. (ತಿಕೋಟಾ ಮತ್ತು ತಾಳಿಕೋಟೆ ಒಂದೇ ಎಂದುಕೊಳ್ಳುವ ದೂರದವರಿಗೆ: ಒಂದು ವಿಜಯಪುರದ ಪಡುವಣಕ್ಕೆ, ಇನ್ನೊಂದು ಮೂಡಣಕ್ಕೆ.) ಬೆಳ್ಳಿಯಲ್ಲಿ ಎರಡು ತಲೆಯ ಹಕ್ಕಿ ಬೇಕೆಂದರೆ ಆಸ್ಟ್ರಿಯಾದ ರಾಣಿ ಮಾರಿಯಾ ತೆರೇಸಾಳ ಥೇಲರ್ ನೋಡಿ. ಮುಂಬದಿಯಲ್ಲಿ ರಾಣಿ, ಹಿಂಬದಿಯಲ್ಲಿ ಎರಡು ತಲೆಯ ಹದ್ದು. ರಾಣಿ 1780ರಲ್ಲಿ ತೀರಿಕೊಂಡಳು. ಆಮೇಲೆ ಎಷ್ಟು ವರ್ಷ ಟಂಕಿಸಿದರೂ ಇಸವಿ ಮಾತ್ರ 1780 ಎಂದೇ ಉಳಿಯಿತು, ಏಕೆಂದರೆ ಯೆಮೆನ್, ಇಥಿಯೋಪಿಯಾ ಕಡೆಯ ಕಾಫಿ ವ್ಯಾಪಾರಿಗಳು ಬೇರೆ ಇಸವಿಯದನ್ನು ಮುಟ್ಟುತ್ತಿರಲಿಲ್ಲ. 1940–41ರಲ್ಲಿ ಇದನ್ನು ಮುಂಬೈ ಟಂಕಸಾಲೆಯಲ್ಲೇ ಹೊಡೆದರು. ತೂಕ 28.07 ಗ್ರಾಂ, ಬೆಳ್ಳಿ ಶೇ 83.3. ಹೊಸಬರಿಗೆ ಇದಕ್ಕಿಂತ ಅಗ್ಗದ, ಇದಕ್ಕಿಂತ ಕಥೆಯುಳ್ಳ ನಾಣ್ಯ ಸಿಗುವುದು ಕಷ್ಟ.

ಮೂರು, ಜೀವಂತ ಹಕ್ಕಿಯ ಎಳೆ. ಕೆನಡಾ 2014–15ರಲ್ಲಿ ‘ಬೇಟೆ ಹಕ್ಕಿಗಳು’ ಎಂಬ ನಾಲ್ಕು ನಾಣ್ಯಗಳ ಮಾಲೆ ತಂದಿತು: ಪೆರಿಗ್ರಿನ್ ಡೇಗೆ, ಬೋಳು ಹದ್ದು, ಕೆಂಬಾಲದ ಗಿಡುಗ, ಕೊಂಬಿನ ಗೂಬೆ. ತಲಾ ಒಂದು ಔನ್ಸ್, ಶೇ 99.99 ಬೆಳ್ಳಿ, ಮುಖಬೆಲೆ 5 ಡಾಲರ್. ಚಿತ್ರ ಎಮಿಲಿ ಡ್ಯಾಮ್‌ಸ್ಟ್ರಾ ಅವರದು. 2021ರಲ್ಲಿ ಅಮೆರಿಕದ ಸಿಲ್ವರ್ ಈಗಲ್ ನಾಣ್ಯದ ಹಿಂಬದಿ ಬದಲಾದಾಗ, ಟೊಂಗೆ ಹಿಡಿದು ಗೂಡಿಗೆ ಇಳಿಯುವ ಹದ್ದನ್ನು ಕೊಟ್ಟವರೂ ಅವರೇ. ಪೆರಿಗ್ರಿನ್ ಡೇಗೆ ಚಳಿಗಾಲಕ್ಕೆ ನಮ್ಮ ನಾಡಿಗೂ ಬರುತ್ತದೆ. ಎರಗುವಾಗ ಗಂಟೆಗೆ 300 ಕಿ.ಮೀ. ಮೀರುವ ಹಕ್ಕಿ. ಅದರ ಭಾರತೀಯ ಬಳಗದ ಹೆಸರು ಶಾಹೀನ್, ಆದಿಲ್ ಶಾಹಿ ಅರಮನೆಯಲ್ಲಿ ಆಡುತ್ತಿದ್ದ ಫಾರಸಿಯ ಮಾತು. ಅಮೆರಿಕ 2008ರಲ್ಲಿ ತಂದ ಬೋಳು ಹದ್ದಿನ ಸ್ಮರಣಾರ್ಥ ಡಾಲರ್ ಈ ಎಳೆಯ ಜೀವಾಳ. ಡಿಡಿಟಿ ವಿಷದಿಂದ ಮೊಟ್ಟೆಯ ಸಿಪ್ಪೆ ತೆಳುವಾಗಿ, 1963ರಲ್ಲಿ ಅಲಾಸ್ಕಾ ಬಿಟ್ಟು ಉಳಿದ ಅಮೆರಿಕದಲ್ಲಿ 417 ಜೋಡಿಗೆ ಇಳಿದಿದ್ದ ಹಕ್ಕಿ ಮತ್ತೆ ಚೇತರಿಸಿಕೊಂಡಿತು. 2007ರಲ್ಲಿ ಅದನ್ನು ಅಪಾಯದ ಪಟ್ಟಿಯಿಂದ ತೆಗೆದದ್ದರ ನೆನಪು ಆ ನಾಣ್ಯ. ಒಂದು ಎಚ್ಚರ: ಅದೇ ಸರಣಿಯ ಅರ್ಧ ಡಾಲರ್‌ನಲ್ಲಿ ಹದ್ದಿನ ಮರಿಗಳು ಬಹಳ ಮುದ್ದಾಗಿವೆ, ಆದರೆ ಅದು ಬೆಳ್ಳಿಯಲ್ಲ.

ಮೆಕ್ಸಿಕೋದ ಲಿಬರ್ತಾದ್ ನಾಣ್ಯದಲ್ಲಿ ಹಾವು ಹಿಡಿದ ಹದ್ದಿದೆ, ಆಸ್ಟ್ರೇಲಿಯಾದ್ದರಲ್ಲಿ ಬೆಣೆಬಾಲದ ಹದ್ದು. ಪುರಾತನ ಅಥೆನ್ಸ್‌ನ ಗೂಬೆ, ಇಮ್ಮಡಿ ಚಂದ್ರಗುಪ್ತನ ಪುಟ್ಟ ಬೆಳ್ಳಿ ನಾಣ್ಯದ ಗರುಡ, ಇವೆಲ್ಲ ಇವೆ. ಹೊಸಬರು ಪುರಾತನ ನಾಣ್ಯದ ತಂಟೆಗೆ ಹೋಗದಿರುವುದೇ ಲೇಸು. ಅಲ್ಲಿ ನಕಲಿನ ಹಾವಳಿ ವಿಪರೀತ.

ಹಂತ 4: ನಾಣ್ಯವೋ, ಬಿಲ್ಲೆಯೋ?

ದೀಪಾವಳಿಗೆ ಬೆಳ್ಳಿ-ಬಂಗಾರದ ಅಂಗಡಿಯಲ್ಲಿ ಕೊಳ್ಳುವ ಲಕ್ಷ್ಮಿಯ ‘ಕಾಯಿನ್’ ನಾಣ್ಯವಲ್ಲ, ಬಿಲ್ಲೆ. ಹದ್ದಿನ ಚಿತ್ರದ ಬಿಲ್ಲೆಗಳೂ ಬರುತ್ತವೆ. ನಾಣ್ಯವಾದರೆ ದೇಶದ ಹೆಸರು, ಮುಖಬೆಲೆ, ಸಾಮಾನ್ಯವಾಗಿ ಇಸವಿ, ಇವು ಇರಬೇಕು. ಬಿಲ್ಲೆ ಕೊಂಡರೆ ತಪ್ಪಿಲ್ಲ, ಆದರೆ ಬೆಳ್ಳಿಯ ದರಕ್ಕೆ ಕೊಳ್ಳಿ. ನಾಣ್ಯದ ದರಕ್ಕೆ ಬೇಡ.

ಹಂತ 5: ತೂಗಿ, ಅಳೆಯಿರಿ, ನೀರಲ್ಲಿ ಮುಳುಗಿಸಿ

ವರ್ಷಗಳ ಹಿಂದೆ ಸಂಕ್ರಾಂತಿಯ ಜಾತ್ರೆಯಲ್ಲಿ ಬಟ್ಟೆ ಹಾಸಿ ಕೂತವನೊಬ್ಬನ ಹತ್ತಿರ ನಾನೊಂದು ‘ಡಾಲರ್’ ಕೊಂಡಿದ್ದೆ. ಹದ್ದು ಭರ್ಜರಿಯಾಗಿತ್ತು. ಮನೆಗೆ ಬಂದು ತೂಗಿದರೆ ಏಳು ಗ್ರಾಂ ಕಡಿಮೆ. ಅಲ್ಲೇ ತಕ್ಕಡಿ ಇದ್ದಿದ್ದರೆ ಆ ರೊಕ್ಕಕ್ಕೆ ಮಿರ್ಚಿ-ಭಜಿ ತಿಂದು ಖುಷಿಯಾಗಿ ಬರುತ್ತಿದ್ದೆ. ಅವತ್ತಿನಿಂದ ಜೇಬಿನಲ್ಲಿ ಪುಟ್ಟ ಡಿಜಿಟಲ್ ತಕ್ಕಡಿ ಇಲ್ಲದೆ ಎಲ್ಲಿಗೂ ಹೋಗುವುದಿಲ್ಲ. 0.01 ಗ್ರಾಂ ತೋರಿಸುವಂಥದ್ದು ಬೇಕು. ಜೊತೆಗೆ ಒಂದು ವರ್ನಿಯರ್ ಮಾಪಕ, ಹತ್ತು ಪಟ್ಟು ದೊಡ್ಡದು ಮಾಡುವ ಮಸೂರ, ಒಂದು ಅಯಸ್ಕಾಂತ.

ಅಯಸ್ಕಾಂತಕ್ಕೆ ಅಂಟಿದರೆ ಅಲ್ಲಿಗೇ ಕೈಬಿಡಿ. ಅಂಟದಿದ್ದ ಮಾತ್ರಕ್ಕೆ ಬೆಳ್ಳಿ ಎಂದಲ್ಲ, ತಾಮ್ರವೂ ಹಿತ್ತಾಳೆಯೂ ಅಂಟುವುದಿಲ್ಲ. ಆಮೇಲೆ ತೂಕ ಮತ್ತು ಅಗಲ. ಮಾರ್ಗನ್, ಪೀಸ್, 2008ರ ಹದ್ದಿನ ಡಾಲರ್ ಮೂರೂ 26.73 ಗ್ರಾಂ, 38.1 ಮಿ.ಮೀ., ಶೇ 90 ಬೆಳ್ಳಿ. ಸಿಲ್ವರ್ ಈಗಲ್ ಸುಮಾರು 31.1 ಗ್ರಾಂ, 40.6 ಮಿ.ಮೀ. ಹಳೆಯ ನಾಣ್ಯ ಸವೆದು ಸ್ವಲ್ಪ ತೂಕ ಕಳೆದುಕೊಂಡಿರಬಹುದು. ತೂಕ ಹೆಚ್ಚಿದ್ದರಂತೂ ಅನುಮಾನ ಪಡಿ. ಸವೆತದಿಂದ ಯಾವ ನಾಣ್ಯವೂ ದಪ್ಪಗಾಗುವುದಿಲ್ಲ.

ಕೊನೆಯದು ನೀರಿನ ಪರೀಕ್ಷೆ. ಆರ್ಕಿಮಿಡೀಸನದೇ, ಅಡುಗೆಮನೆಯ ಲೋಟದಲ್ಲಿ. ತಕ್ಕಡಿಯ ಮೇಲೆ ಅರ್ಧ ಲೋಟ ನೀರಿಟ್ಟು ಅಂಕಿಯನ್ನು ಸೊನ್ನೆಗೆ ತನ್ನಿ. ತಕ್ಕಡಿ ಅಷ್ಟು ಭಾರ ತಡೆಯುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಿ. ಇಲ್ಲದಿದ್ದರೆ ಹಗುರಾದ ಪ್ಲಾಸ್ಟಿಕ್ ಲೋಟ ಸಾಕು. ನಾಣ್ಯವನ್ನು ತೆಳು ದಾರದಲ್ಲಿ ಕಟ್ಟಿ, ತಳಕ್ಕೂ ಗೋಡೆಗೂ ತಾಗದಂತೆ ಪೂರ್ತಿ ಮುಳುಗಿಸಿ ಹಿಡಿಯಿರಿ. ಮೈಗೆ ಗಾಳಿಗುಳ್ಳೆ ಅಂಟಿದ್ದರೆ ಮೆಲ್ಲಗೆ ಅಲುಗಿಸಿ ಬಿಡಿಸಿ. ಈಗ ತಕ್ಕಡಿ ತೋರಿಸುವುದು ನಾಣ್ಯ ಸರಿಸಿದ ನೀರಿನ ತೂಕ. ನಾಣ್ಯದ ತೂಕವನ್ನು ಆ ಅಂಕಿಯಿಂದ ಭಾಗಿಸಿ.

ಅಪ್ಪಟ ಬೆಳ್ಳಿಯಾದರೆ 10.5ರ ಆಸುಪಾಸು ಬರುತ್ತದೆ. ಸಿಲ್ವರ್ ಈಗಲ್‌ಗೆ ನೀರಿನ ಅಂಕಿ 2.96 ಬರಬೇಕು, ಮೇಲೆ ಬೆಳ್ಳಿ ಹಚ್ಚಿದ ತಾಮ್ರವಾದರೆ 3.47 ತೋರಿಸುತ್ತದೆ. ಶೇ 90ರ ಡಾಲರ್‌ಗಳ ಉತ್ತರ 10.3 ಹತ್ತಿರ, ಥೇಲರ್‌ನದು 10.2. ಸೀಸ ಬೆರೆಸಿ ಈ ಉತ್ತರವನ್ನೂ ಹೊಂದಿಸುವ ಜಾಣರಿದ್ದಾರೆ, ಅದಕ್ಕೇ ತೂಕ, ಅಗಲ, ದಪ್ಪ ಎಲ್ಲವೂ ಒಟ್ಟಿಗೆ ಕೂಡಿ ಬರಬೇಕು. ಒಂದು ತಪ್ಪಿದರೂ ಕೊಳ್ಳಬೇಡಿ. ಹದ್ದಿನ ಎದೆಯ ಗರಿಗಳನ್ನು ಮಸೂರದಲ್ಲಿ ನೋಡುವುದೂ ಒಳ್ಳೆಯದು. ಅಸಲಿಯಲ್ಲಿ ಗರಿಯ ಅಂಚು ಚುರುಕು. ಎರಕದ ನಕಲಿಯಲ್ಲಿ ಸಾಬೂನು ಕರಗಿದಂತೆ ಮೊಂಡು, ಅಲ್ಲಲ್ಲಿ ಸೂಜಿಮೊನೆಯಂಥ ರಂಧ್ರ.

ಹಂತ 6: ಬೆಲೆ

ಬೆಳ್ಳಿಯ ದರ ಕಿಲೋ ಲೆಕ್ಕದಲ್ಲಿ ಬರುತ್ತದೆ. ಸಾವಿರದಿಂದ ಭಾಗಿಸಿ, ನಾಣ್ಯದಲ್ಲಿರುವ ಅಪ್ಪಟ ಬೆಳ್ಳಿಯ ಗ್ರಾಮಿನಿಂದ ಗುಣಿಸಿ. ಅದು ತಳಬೆಲೆ. ಅದರ ಮೇಲಿನದೆಲ್ಲ ಅಪರೂಪಕ್ಕೆ, ಅಂದಕ್ಕೆ, ಮಾರುವವನ ಮಾತಿಗೆ. ತಳಬೆಲೆಗಿಂತ ಅಗ್ಗಕ್ಕೆ ಯಾರಾದರೂ ಕೊಡುತ್ತೇನೆಂದರೆ ಐದನೇ ಹಂತಕ್ಕೆ ಹಿಂತಿರುಗಿ. ಹೊಸ ಬೆಳ್ಳಿಗೆ ಶೇ 3 ಜಿಎಸ್‌ಟಿ ಸೇರುತ್ತದೆ. ರಸೀದಿ ಕೇಳಿ ಪಡೆಯಿರಿ. ವಿದೇಶದಿಂದ ನೇರ ತರಿಸುವ ಆಸೆ ಬೇಡ, ಕಸ್ಟಮ್ಸ್‌ನಲ್ಲಿ ಸಿಕ್ಕಿಕೊಂಡರೆ ಹದ್ದಿಗಿಂತ ಗೂಡೇ ದುಬಾರಿಯಾಗುತ್ತದೆ. ದೇಶದೊಳಗಿನ ವ್ಯಾಪಾರಿಗಳು, ಬೆಂಗಳೂರಿನ ನಾಣ್ಯ ಪ್ರದರ್ಶನಗಳು ಮೊದಲ ವರ್ಷಕ್ಕೆ ಸಾಕು.

ಹಂತ 7: ಉಜ್ಜಬೇಡಿ

ಈ ಮಾತು ನಮ್ಮ ಮನೆಗಳಲ್ಲಿ ಹೇಳುವುದು ಕಷ್ಟ, ಕೇಳಿಸುವುದು ಇನ್ನೂ ಕಷ್ಟ. ಬೆಳ್ಳಿ ಕಪ್ಪಾದರೆ ಹುಣಸೆ, ವಿಭೂತಿ, ಅಂಟವಾಳ ಹಿಡಿದು ಕೂರುವುದು ಹಬ್ಬದ ಹಿಂದಿನ ದಿನದ ಪದ್ಧತಿ. ಪೂಜೆಯ ತಟ್ಟೆಗೆ ಅದು ಸರಿ. ನಾಣ್ಯಕ್ಕೆ ಮಾಡಿದರೆ ಗರಿ ಸವೆದು, ಮೈಮೇಲೆ ಕೂದಲೆಳೆಯಂಥ ಗೀರು ಬಿದ್ದು, ಬೆಲೆ ತಳಬೆಲೆಗೆ ಕುಸಿಯುತ್ತದೆ. ಆ ಕಪ್ಪು ಗಾಳಿಯಲ್ಲಿನ ಗಂಧಕದಿಂದ ನಿಧಾನವಾಗಿ ಬಂದದ್ದು; ಸಂಗ್ರಹಕಾರರು ಅದಕ್ಕೇ ಹೆಚ್ಚು ಕೊಡುವುದೂ ಉಂಟು. ರಬ್ಬರ್ ಬ್ಯಾಂಡು, ಸುದ್ದಿಪತ್ರಿಕೆಯ ಸುತ್ತು, ಮೆತ್ತನೆಯ ಪಿವಿಸಿ ಚೀಲ ಬೇಡ. ಅಂಚು ಹಿಡಿದು ಎತ್ತಿ, ಗಟ್ಟಿ ಡಬ್ಬಿಯಲ್ಲಿಡಿ. ಮನೆಯವರು ಕುಂಕುಮ ಹಚ್ಚಲು ಕೇಳಿದರೆ ಲಕ್ಷ್ಮಿಯ ಬಿಲ್ಲೆ ಕೊಡಿ, ಅದು ಇರುವುದೇ ಅದಕ್ಕೆ.

ಹಂತ 8: ಕಾನೂನು, ಮತ್ತೆ ಒಂದು ವಹಿ

ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯ ಪ್ರಕಾರ ಪುರಾತನ ವಸ್ತು. ಅನುಮತಿಯಿಲ್ಲದೆ ದೇಶದ ಹೊರಗೆ ಕಳಿಸುವಂತಿಲ್ಲ. ಅಮೆರಿಕದಲ್ಲಿರುವ ಮಗನಿಗೆ ಅಜ್ಜನ ರೂಪಾಯಿ ಪೋಸ್ಟ್ ಮಾಡುವ ಮೊದಲು ಇದು ನೆನಪಿರಲಿ. ಹೊಲ ಉಳುವಾಗ, ಪಾಯ ತೋಡುವಾಗ ನಾಣ್ಯದ ಗಡಿಗೆ ಸಿಕ್ಕರೆ ಅದು ನಿಮ್ಮ ಸಂಗ್ರಹವಲ್ಲ. ಕರ್ನಾಟಕದ 1962ರ ನಿಧಿ ಕಾಯ್ದೆಯಂತೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ಆದಿಲ್ ಶಾಹಿ ರಾಜಧಾನಿಯ ಸುತ್ತ ಉಳುವವರಿಗೆ ಇದು ಬರೀ ಪುಸ್ತಕದ ಮಾತಲ್ಲ. ಹಳೆಯ ನಾಣ್ಯ ನೋಡುವ ಹಂಬಲಕ್ಕೆ ಗೋಲಗುಮ್ಮಟದ ಮುಂದಿನ ನಗಾರಖಾನೆಯ ವಸ್ತುಸಂಗ್ರಹಾಲಯಕ್ಕೆ ಹೋಗಿ. 1892ರಲ್ಲಿ ಶುರುವಾದದ್ದು, ಶುಕ್ರವಾರ ರಜೆ.

ಇನ್ನು ವಹಿ. ಒಂದು ನಾಣ್ಯಕ್ಕೆ ಒಂದು ಪುಟ: ದೇಶ, ಇಸವಿ, ತೂಕ, ಅಗಲ, ನೀರಿನ ಅಂಕಿ, ಎಲ್ಲಿ ಕೊಂಡದ್ದು, ಎಷ್ಟಕ್ಕೆ. ಕೊನೆಯ ಸಾಲಿನಲ್ಲಿ ಹಕ್ಕಿಯ ಹೆಸರು, ಅದನ್ನೋ ಅದರ ಬಳಗವನ್ನೋ ನೀವು ಕಣ್ಣಾರೆ ಕಂಡ ಜಾಗ, ತಾರೀಖು. ನನ್ನ ವಹಿಯ ಮೊದಲ ಪುಟದಲ್ಲಿರುವುದು 1919ರ ರೂಪಾಯಿ, 11.58 ಗ್ರಾಂ, ನೀರಿನಲ್ಲಿ 1.12. ಹಕ್ಕಿಯ ಸಾಲಿನಲ್ಲಿ ‘ಒಳಗೆ ಇರಬಹುದು’ ಎಂದು ಪೆನ್ಸಿಲಿನಲ್ಲಿ ಬರೆದಿದ್ದೇನೆ.